ಅಣ್ಣನ ಪಾಲಿನ ರೊಟ್ಟಿ

ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿಯಲ್ಲಿ ಅರ್ಧ ಒಬ್ಬ ಕಳ್ಳನಿಗೆ ಮೀಸಲು. ನಾನು ಮದುವೆಯಾಗಿ ಬಂದ ಮರುದಿನವೇ ನನ್ನ ಅತ್ತೆ ಗೋದಾವರಿಯವರು ಒಲೆಯ ಮುಂದೆ ಕೂರಿಸಿ ಇದನ್ನು ಕಲಿಸಿದರು. ಮೊದಲ ರೊಟ್ಟಿಯನ್ನು ಹಂಚಿನ ಅಂಚಿಗೆ ಒತ್ತಿ ಎರಡು ಮಾಡಬೇಕು. ಒಂದರ್ಧ ಮನೆಯ ಗಂಡಸಿನ ತಾಟಿಗೆ, ಇನ್ನೊಂದರ್ಧ ಒಲೆಯ ಮೇಲಿನ ಗೂಡಿಗೆ. ಗೂಡಿನ ಅರ್ಧದ ಮೇಲೆ ಚೂರು ಕೆಂಪು ಖಾರ ಹಚ್ಚಬೇಕು. ಮುರಿದ ಅಂಚು ಬಾಗಿಲ ಕಡೆಗೆ ಇರಬೇಕು, ದುಂಡನೆಯ ಬದಿ ಗೋಡೆಗೆ. ಅದರ ಹೆಸರು ಅಣ್ಣನ ಪಾಲು. ಸಂಜೆಗೆ ಅದನ್ನು ಬೀದಿಯ ಆಕಳಿಗೆ ಹಾಕುತ್ತಿದ್ದೆವು.

ಹೊಸದರಲ್ಲಿ ಒಂದು ದಿನ ನಾನು ಅದನ್ನು ತಿರುವುಮುರುವು ಇಟ್ಟೆ. ಅತ್ತೆ ಪಡಸಾಲೆಯಿಂದ ಎದ್ದು ಬಂದು ಸರಿ ಮಾಡಿದರು.

"ಹಂಗ ಇಟ್ಟರ ಅಂವ ಹೆಂಗ ಬರ್ತಾನ?"

"ಕಳ್ಳ ಮನಿಗಿ ಬರೂದು ನಮಗ ಬೇಕಾಗೈತೇನ್ರಿ, ಅತ್ತಿ?" ಎಂದೆ ನಾನು.

ಆ ಒಂದು ಮಾತಿಗೆ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನನ್ನ ನಾಲಗೆ ಸ್ವಲ್ಪ ಉದ್ದ, ಅದು ತವರಿನಿಂದ ಬಂದದ್ದು. ಆ ನಾಲಗೆಯ ದೆಸೆಯಿಂದಲೇ ಅತ್ತೆ ಆ ರೊಟ್ಟಿಯ ಪೂರ್ತಿ ಕತೆಯನ್ನು ನನಗೆ ಹೇಳದೆ ಉಳಿಸಿಕೊಂಡರು ಎಂಬುದು ತಿಳಿಯುವ ಹೊತ್ತಿಗೆ ನನ್ನ ತಲೆಯೂ ನರೆತಿತ್ತು.

ನನಗೆ ಗೊತ್ತಿದ್ದದ್ದು ನಮ್ಮ ಮನೆಯವರು ಹೇಳುತ್ತಿದ್ದಷ್ಟೇ. ಅವರ ಮುತ್ತಜ್ಜ ಭೀಮಶಾ, ಭೀಮಾ ನದಿಯ ಆಚೆ ದಂಡೆಯಲ್ಲಿ ಇಂಗ್ಲಿಷರ ಸೀಮೆಯವನು. ಭೀಮಶಾನ ಅಣ್ಣ ಯಾವುದೋ ಸಾಹೇಬನ ಹೆಣ್ಣುಗುದುರೆ ಕದ್ದ. ಅವನಿಗೆ ಕರಿನೀರಿನ ಶಿಕ್ಷೆಯಾಗಿ, ಹಡಗು ಹತ್ತಿಸಿ ಸಮುದ್ರದ ಆಚೆ ಒಯ್ದರು. ಆ ಮಾನಗೇಡು ತಾಳದೆ ಭೀಮಶಾ ಹೆಂಡತಿಯನ್ನು ಕರೆದುಕೊಂಡು ಹೊಳೆ ದಾಟಿ ನಿಜಾಮನ ಸೀಮೆಗೆ ಬಂದ, ಬೆವರು ಸುರಿಸಿ ದುಡಿದ, ಅವನ ಮಕ್ಕಳ ಕಾಲಕ್ಕೆ ಹೈದರಾಬಾದು ಸೇರಿದ್ದಾಯಿತು. ನಮ್ಮ ಮನೆಯವರು, ವಿಜಯಕುಮಾರ, ನಾಚಾರಂನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಜೇಬಿನಲ್ಲಿ ಕಾರ್ಖಾನೆಯ ಒಂದು ಬೋಲ್ಟು ತಪ್ಪಿ ಬಂದರೂ ಅಂಗಿ ಬದಲಿಸುವ ಮೊದಲೇ ವಾಪಸು ಕೊಟ್ಟು ಬರುವ ಮನುಷ್ಯ. "ಕಳ್ಳನ ಬೆನ್ನಿಗಿ ಹುಟ್ಟಿದ್ರೂ ನಮ್ಮ ಮುತ್ತಜ್ಜ ಕೈ ಹೊಲಸು ಮಾಡ್ಕೊಳ್ಳಿಲ್ಲ" ಎಂಬುದು ಅವರ ಬಾಯಲ್ಲಿ ಮಂತ್ರದಂತೆ ಬರುತ್ತಿತ್ತು. ಊಟಕ್ಕೆ ಅವರೇ ಮೊದಲು ಕೂರಬೇಕು, ಗೋಡೆಗೆ ಒರಗಿ, ಅವರ ಅಪ್ಪ ಕೂರುತ್ತಿದ್ದ ಮಣೆಯ ಮೇಲೆಯೇ. ಅವರಿಗಿಂತ ಮೊದಲು ಆ ಮನೆಯಲ್ಲಿ ಯಾರೂ ತುತ್ತು ಎತ್ತಿದವರಲ್ಲ.

ಇಷ್ಟು ಮರ್ಯಾದಸ್ಥರ ಮನೆಯಲ್ಲಿ ಒಬ್ಬ ಕಳ್ಳನಿಗೆ ದಿನಾ ಬಿಸಿರೊಟ್ಟಿ ಯಾಕೆ ಎಂದು ನಾನು ಕೇಳಿದರೆ, "ಹಸದು ಸತ್ತಾಂವ. ಪಾಲು ಇಡದಿದ್ರ ಕಾಡ್ತಾನ" ಎನ್ನುತ್ತಿದ್ದರು ಮನೆಯವರು. ಅತ್ತೆ ಮಾತ್ರ ಏನೂ ಅನ್ನುತ್ತಿರಲಿಲ್ಲ.

ನಾನು ಆ ಮನೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಒಂದು ಚಳಿಗಾಲದಲ್ಲಿ ಅತ್ತೆಗೆ ಎದೆನೋವು ಬಂದು ಆಸ್ಪತ್ರೆಗೆ ಹೋಗಿ ಬಂದರು. ಅಂದಿನಿಂದ ಅವರಿಗೆ ಒಂದೇ ಚಿಂತೆ. ನಾನು ಹಿಟ್ಟು ನಾದುವಾಗ ಪಕ್ಕದಲ್ಲಿ ಬಂದು ಕೂರುವರು.

"ನನ್ನ ಹಿಂದ ನೀ ಇಡ್ತೀಯಿಲ್ಲ, ಶಿವದೇವಿ?"

"ನೋಡೋಣ ತಗೋರಿ."

"ಅಂವ ಉಂಡಾನೋ ಇಲ್ಲೋ, ಅದೊಂದು ಸುದ್ದಿ ಕಿವೀಗಿ ಬೀಳಬೇಕು ನೋಡು. ಬಿದ್ದರ ನಾ ನಿಶ್ಚಿಂತಿಂದ ಕಣ್ಣು ಮುಚ್ತೀನಿ."

"ಅಂವ ಸತ್ತು ನೂರು ವರ್ಷ ಆಗಿರಬೇಕ್ರಿ. ಇನ್ನ ಯಾರು ತರ್ತಾರ ಸುದ್ದಿ? ಪೋಸ್ಟಮನ್ ತರ್ತಾನೇನು?"

ಮರುದಿನ ಮತ್ತೆ ಅದೇ ಪ್ರಶ್ನೆ. ಮುದುಕಿಯ ಹಟ ಎಂದು ನಾನು ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ. ಆದರೆ ರೊಟ್ಟಿ ಇಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಆ ಪುಣ್ಯವಾದರೂ ನನ್ನದು.

ಅದು ಹೈದರಾಬಾದಿಗೆ ಸಾಫ್ಟ್‌ವೇರಿನ ಹುಚ್ಚು ಹಿಡಿದಿದ್ದ ಕಾಲ. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಹುಡುಗ ಹುಡುಗಿಯರು ಕಂಪನಿ ಕಾರಿನಲ್ಲಿ ಓಡಾಡುತ್ತಿದ್ದರು. ಕೈತುಂಬ ಸಂಬಳ, ಆದರೆ ಬಾಯಿಗೆ ರುಚಿಯಿಲ್ಲ. ಅಂಥವರಲ್ಲಿ ಯಾರೋ ಒಬ್ಬರು ನನ್ನ ಜೋಳದ ರೊಟ್ಟಿ ತಿಂದು ಹೋಗಿ ಇನ್ನೊಬ್ಬರಿಗೆ ಹೇಳಿ, ಭಾನುವಾರ ಬಂತೆಂದರೆ ನಮ್ಮ ಬಾಗಿಲಿಗೆ ರೊಟ್ಟಿ ಕಟ್ಟಿಸಿಕೊಳ್ಳುವವರ ಸಾಲು. ಮಾದಾಪುರದಿಂದ ನಾಚಾರಂ ಎಂದರೆ ಅರ್ಧ ಊರು ದಾಟಿ ಬರಬೇಕು. ನಾಲಗೆ ಎಳೆದರೆ ಕಾಲು ತಾನಾಗಿ ಬರುತ್ತದೆ.

ಮೈಸೂರಿನ ಕೃಪಾ ನನ್ನ ಕಾಯಂ ಗಿರಾಕಿ. ಒಂದು ಭಾನುವಾರ ಅವಳು ಬೇಗ ಬಂದಳು, ಜೊತೆಯಲ್ಲಿ ಒಬ್ಬ ಹುಡುಗಿ. ಕಪ್ಪಗೆ, ಎತ್ತರವಾಗಿ, ಕೂದಲನ್ನು ಮೇಲೆತ್ತಿ ಕಟ್ಟಿಕೊಂಡಿದ್ದಳು.

"ಆಂಟಿ, ಇವಳು ಪಿಂಕಿ, ನಮ್ಮ ಟೀಮಲ್ಲೇ ಇದಾಳೆ. ಕನ್ನಡ ಬರಲ್ಲ. ಯಾರ ಮನೆಗೆ ಕರ್ಕೊಂಡು ಹೋದ್ರೂ ಮೊದ್ಲು ಅಡುಗೆಮನೆ ನೋಡ್ಬೇಕು ಅಂತಾಳೆ. ಬೇಜಾರು ಮಾಡ್ಕೋಬೇಡಿ" ಎಂದಳು ಕೃಪಾ.

ಮನೆಯವರು ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಅತ್ತೆ ಪಡಸಾಲೆಯ ಮಂಚದ ಮೇಲಿದ್ದರು. ಪಿಂಕಿ ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಬಂದಳು. ನಾನು ಲೋಟ ಚಾಚಿದರೆ ಅವಳು ತೆಗೆದುಕೊಳ್ಳಲಿಲ್ಲ. ಒಲೆಯ ಮೇಲಿನ ಗೂಡನ್ನೇ ನೋಡುತ್ತ ನಿಂತಿದ್ದಳು.

"ಯೇ ಕಿಸ್ಕಾ ಹಿಸ್ಸಾ ಹೈ, ಆಂಟಿ?" ಎಂದು ಕೇಳಿದಳು. ಇದು ಯಾರ ಪಾಲು?

ಪಾಲು ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ನನಗೆ ದಿಗಿಲಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ತಟಕ್ಕನೆ ಗೂಡಿಗೆ ಒಂದು ತಾಟು ಅಡ್ಡ ಇಟ್ಟು, ಅದು ಕಾಗೆಗೆ ಇಟ್ಟದ್ದು ಎಂದೆ.

ಅವಳು ನಂಬಲಿಲ್ಲ. ಮೆಲ್ಲಗೆ ತಾಟು ಸರಿಸಿದಳು. ರೊಟ್ಟಿಯನ್ನು ಮುಟ್ಟಲಿಲ್ಲ, ಬೆರಳಿನಿಂದ ಅದರ ಮುರಿದ ಅಂಚನ್ನು ತೋರಿಸಿ, ಅಲ್ಲಿಂದ ಬಾಗಿಲ ತನಕ ಗಾಳಿಯಲ್ಲೇ ಒಂದು ಗೆರೆ ಎಳೆದಳು. ಆಮೇಲೆ ಹೇಳಿದಳು. ಅವರ ಮನೆಯಲ್ಲೂ ದಿನದ ಮೊದಲ ರೊಟ್ಟಿಯನ್ನು ಅರ್ಧ ಮಾಡುತ್ತಾರೆ. ಒಂದರ್ಧ ಒಲೆಯ ಮೇಲೆ, ಮುರಿದ ಬದಿ ಬಾಗಿಲ ಕಡೆಗೆ. ಅದರ ಹೆಸರು ಛೋಟೇ ಕಾ ಹಿಸ್ಸಾ, ಚಿಕ್ಕವನ ಪಾಲು. ಅವರದು ಗೋಧಿ ರೊಟ್ಟಿ, ಮೇಲೆ ಖಾರವಲ್ಲ, ಬೆಲ್ಲ.

"ನಿಮ್ಮೂರು ಯಾವುದವ್ವಾ?" ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ.

"ಪೋರ್ಟ್ ಬ್ಲೇರ್. ಅಂಡಮಾನ್."

ನನ್ನ ಕೈಯಲ್ಲಿದ್ದ ಲೋಟದ ನೀರು ಅರ್ಧ ನನ್ನ ಸೀರೆಯ ಮೇಲೇ ಚೆಲ್ಲಿತು.

ಅವಳು ಅಲ್ಲೇ ನೆಲದ ಮೇಲೆ ಕೂತು ಉಳಿದದ್ದನ್ನು ಹೇಳಿದಳು. ಅವಳ ಅಜ್ಜನ ಅಜ್ಜನನ್ನು ಕಳ್ಳತನಕ್ಕಾಗಿ ಹಡಗಿನಲ್ಲಿ ತಂದು ಬಿಟ್ಟಿದ್ದರು. ಊರು ಯಾವುದು, ಕದ್ದದ್ದು ಏನು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದ್ವೀಪದ ಹಳೆಯ ಮನೆತನಗಳಲ್ಲಿ ಯಾರೂ ಯಾರ ಅಪರಾಧವನ್ನೂ ಕೇಳುವುದಿಲ್ಲವಂತೆ, ಕೇಳಿದರೆ ತಮ್ಮದನ್ನೂ ಹೇಳಬೇಕಾಗುತ್ತದೆ. ಆ ಮುದುಕ ತನ್ನ ಊರಿನ ಮಾತೇ ಆಡುತ್ತಿರಲಿಲ್ಲ. ಮೊದಲ ರೊಟ್ಟಿ ಮುರಿದಿಡುವುದನ್ನು ಮಾತ್ರ ಬಿಡಲಿಲ್ಲ. ಯಾಕೆಂದು ಮಕ್ಕಳು ಕೇಳಿದರೆ ಒಂದೇ ಉತ್ತರ: ಅವನು ಇನ್ನೂ ಚಿಕ್ಕವನು, ಹಸಿವು ತಾಳಲಾರ.

ಹಾಗಾಗಿ ಅವರೆಲ್ಲ ಅದು ಆ ಮನೆಯಲ್ಲಿ ಸತ್ತ ಯಾವುದೋ ಕೂಸಿನ ಪಾಲೆಂದು ತಿಳಿದರು. ಕೂಸಿಗೆ ಖಾರ ಹೇಗೆ ಕೊಡುವುದು? ಬೆಲ್ಲ ಹಚ್ಚಿದರು. ಪಿಂಕಿಯ ಅಜ್ಜಿ ಸಾಯುವ ಮೊದಲು ಅವಳ ಕೈ ಹಿಡಿದು, "ಹೆಸರಿಲ್ಲದ ಕೂಸಿಗೆ ಜೀವಮಾನವೆಲ್ಲ ಉಣಿಸಿದೆ. ನೀನು ಸಮುದ್ರದಾಚೆಯ ದೊಡ್ಡ ನೆಲಕ್ಕೆ ಹೋಗುತ್ತೀಯಲ್ಲ, ಅದು ಯಾರ ಕೂಸೆಂದು ತಿಳಿದುಕೊ" ಎಂದಿದ್ದಳಂತೆ. ಕೆಲಸಕ್ಕೆ ಹೈದರಾಬಾದಿಗೆ ಬಂದಾಗಿನಿಂದ ಪಿಂಕಿ ತೆಲುಗರ, ಮರಾಠಿಗರ, ಬಿಹಾರಿಗಳ, ಯಾರ ಮನೆಗೆ ಹೋದರೂ ಒಲೆಯ ಮೇಲೆ ಕಣ್ಣು ಹಾಯಿಸುತ್ತಿದ್ದಳು. ಎಲ್ಲಿಯೂ ಕಂಡಿರಲಿಲ್ಲ.

ನಾವು ಮಾತಾಡಿದ್ದು ಪಡಸಾಲೆಗೆ ಕೇಳಿಸಿತ್ತು. ತರಕಾರಿಯವರ ಜೊತೆ ಚೌಕಾಶಿ ಮಾಡಿ ಮಾಡಿ ಅತ್ತೆಗೆ ಈ ಊರಿನ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಗೋಡೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದರು.

"ಹೆಸರೇನು ಅವಂದು?" ಎಂದು ಹಿಂದಿಯಲ್ಲಿ ಕೇಳಿದರು.

"ಸೂಗಾ. ಸೂಗಾ ದಾದಾ ಅಂತಿದ್ದರು ಎಲ್ಲರೂ."

"ಸೂಗಪ್ಪ" ಎಂದರು ಅತ್ತೆ.

ಆ ಹೆಸರನ್ನು ನಾನು ಆ ಮನೆಯಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮ ಮನೆಯವರೂ ಕೇಳಿರಲಿಲ್ಲ. ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಊಟಕ್ಕೆಂದು ಬಂದವರು, ಮಣೆಯ ಹತ್ತಿರ ನಿಂತು ಯಾರಿವಳು ಎಂಬಂತೆ ಎಲ್ಲರ ಮುಖ ನೋಡಿದರು. ನಾನು ನಾಲ್ಕು ಮಾತಿನಲ್ಲಿ ವಿಷಯ ತಿಳಿಸಿದೆ. ಅವರ ಮುಖ ಬಿಗಿಯಿತು.

"ಅಂದ್ರ, ಆ ಕಳ್ಳನ ವಂಶದಾಕಿ ಈಕಿ?" ಎಂದರು. ಪುಣ್ಯಕ್ಕೆ ಕನ್ನಡದಲ್ಲಿ ಎಂದರು. ಆದರೆ ಬಾಗಿಲಲ್ಲಿದ್ದ ಕೃಪಾ ತಲೆ ತಗ್ಗಿಸಿದಳು.

ಅತ್ತೆ ಮಗನನ್ನು ಬಹಳ ಹೊತ್ತು ನೋಡಿದರು. ಆ ನೋಟ ನನಗೆ ಈಗ ಅರ್ಥವಾಗುತ್ತದೆ. ಇಷ್ಟು ವರ್ಷ ಅವರು ಬಾಯಿ ಕಟ್ಟಿಕೊಂಡಿದ್ದದ್ದು ಈ ಮಗನ ತಲೆ ತಗ್ಗಬಾರದೆಂದು. ಈಗಲೂ ಸುಮ್ಮನಿದ್ದರೆ ಇದ್ದುಬಿಡಬಹುದಿತ್ತು. ಹುಡುಗಿಗೆ ಊರಿನ ಹೆಸರು ಹೇಳಿ, ರೊಟ್ಟಿ ಕಟ್ಟಿ ಕಳಿಸಿಬಿಟ್ಟರೆ ಮುಗಿಯುತ್ತಿತ್ತು, ನಮ್ಮ ಮರ್ಯಾದೆ ನಮ್ಮ ಹತ್ತಿರವೇ ಉಳಿಯುತ್ತಿತ್ತು.

"ವಿಜ್ಯಾ, ಕೂಡು" ಎಂದರು. "ಕಳ್ಳನ ವಂಶ ಅಂದ್ರ ಅದು ನಮ್ಮದಪ್ಪಾ. ಕುದರಿ ಕದ್ದಾಂವ ನಿಮ್ಮ ಮುತ್ತಜ್ಜ."

"ಅವ್ವಾ, ಏನ್ ಹೇಳಾಕತ್ತಿ ನೀ?"

"ಖರೇನ ಹೇಳಾಕತ್ತೀನಿ. ಭೀಮಶಾನ ಹೆಣ್ತಿ ನಮ್ಮ ಅತ್ತೀಗಿ ಹೇಳಿದ್ಲು, ನಮ್ಮ ಅತ್ತಿ ನನಗ ಹೇಳಿದ್ಲು. ಗಂಡಸರಿಗಿ ಹೇಳಬ್ಯಾಡ ಅಂದಿದ್ಲು. ಶಿವದೇವಿಗಿ ಹೇಳೂಣಂದ್ರ ಈಕೀ ಬಾಯಾಗ ಎಳ್ಳು ನೆನ್ಯಾಂಗಿಲ್ಲ."

ಅಂಥ ಹೊತ್ತಿನಲ್ಲೂ ನನಗೊಂದು ಕುಟುಕುವುದನ್ನು ಅವರು ಬಿಡಲಿಲ್ಲ.

ಅತ್ತೆ ಹೇಳಿದ್ದು ಇಷ್ಟು. ಇಬ್ಬರೇ ಅಣ್ಣತಮ್ಮಂದಿರು, ತಂದೆ ತಾಯಿ ಇಲ್ಲ. ತಮ್ಮನಿಗೆ ಇನ್ನೂ ಮೀಸೆ ಚಿಗುರುವ ವಯಸ್ಸು, ಆಗಲೇ ಮದುವೆಯಾಗಿತ್ತು. ಅಣ್ಣ ಸೂಗಪ್ಪ ತನ್ನ ಮದುವೆಯ ಯೋಚನೆ ಬಿಟ್ಟು ತಮ್ಮನ ಸಂಸಾರ ಹೂಡಿಕೊಟ್ಟಿದ್ದ. ಹೊಳೆದಂಡೆಯಲ್ಲಿ ಬಿಡಾರ ಹೂಡಿದ್ದ ಸಾಹೇಬನ ಕುದುರೆಯ ಮೇಲೆ ಭೀಮಶಾನ ಕಣ್ಣು ಬಿತ್ತು. ಒಂದು ಸಲ ಹತ್ತಿ ಇಳಿದುಬಿಡುತ್ತೇನೆ ಎಂದು ಹೋದವನು, ಹತ್ತಿದ ಮೇಲೆ ತಿರುಗಿ ತಂದು ಕಟ್ಟಲು ಹೆದರಿ, ಹೊಳೆಯಾಚೆಯ ವ್ಯಾಪಾರಿಗಳಿಗೆ ಅದನ್ನು ದಾಟಿಸಿಬಿಟ್ಟ. ಹೆಜ್ಜೆಯ ಜಾಡು ಹಿಡಿದು ಸರಕಾರದವರು ಇವರ ಕೊಟ್ಟಿಗೆಗೆ ಬಂದರು. ಆಗ ಭೀಮಶಾನ ಹೆಂಡತಿ ಒಲೆಯ ಮುಂದಿದ್ದಳು, ಬಸುರಿ, ಮೊದಲ ರೊಟ್ಟಿ ಆಗಷ್ಟೇ ಇಳಿದಿತ್ತು. ಯಾರು ಕದ್ದವರು ಎಂದು ಕೇಳಿದರೆ ಸೂಗಪ್ಪ ಎದ್ದು ನಿಂತು, ನಾನೇ ಎಂದ. ಹಿಂದಿನ ಪತ್ತೆಯಾಗದ ಕಳವುಗಳನ್ನೂ ಅವನ ಕೊರಳಿಗೇ ಕಟ್ಟಿದರು. ಎಲ್ಲಕ್ಕೂ ಹೂಂ ಎಂದ.

"ಹೊಂಡೂ ಮುಂದ ಆ ರೊಟ್ಟಿ ತಗೊಂಡು ಹಂಚಿಗಿ ಒತ್ತಿ ಎರಡು ಮಾಡಿದ" ಎಂದರು ಅತ್ತೆ. "ಅರ್ಧ ತಮ್ಮನ ಕೈಯಾಗ ಕೊಟ್ಟ. ಅರ್ಧ ತಾ ಉಡ್ಯಾಗ ಕಟ್ಕೊಂಡ. ‘ನಾ ಬಂದ ಮ್ಯಾಲೆ ಎರಡೂ ಕೂಡಸೂಣು, ಅಲ್ಲೀತನಕ ನೀ ಬಾಯಿ ಬಿಡಬ್ಯಾಡ, ನಿನ್ನ ಕೂಸಿನ ಆಣಿ’ ಅಂದ. ಆ ಬಸುರಾಗ ಇದ್ದಾಂವನ ನಿಮ್ಮಜ್ಜ."

ಕೃಪಾ ಒಂದೊಂದೇ ವಾಕ್ಯವನ್ನು ಪಿಂಕಿಯ ಕಿವಿಯಲ್ಲಿ ಹಿಂದಿಗೆ ಇಳಿಸುತ್ತಿದ್ದಳು. ಪಿಂಕಿ ಅಳುತ್ತಿದ್ದಳು. ಅಳುತ್ತಲೇ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದರೆ ಛೋಟೇ ಸತ್ತಿರಲಿಲ್ಲವೇ? ಬದುಕಿ ಬಾಳಿದನೇ?"

"ಬಾಳಿದ ಬೇಟಾ" ಎಂದರು ಅತ್ತೆ. "ಮಕ್ಕಳಾದವು, ಮೊಮ್ಮಕ್ಕಳಾದವು. ನೋಡು, ಇಕೋ ಇಲ್ಲಿ ಕೂತಾನಲ್ಲ, ಮೀಸಿ ಹೊತ್ಕೊಂಡು."

ಮೀಸೆ ಹೊತ್ತುಕೊಂಡವರು ನೆಲ ನೋಡುತ್ತ ಕೂತಿದ್ದರು. ಜೀವಮಾನವೆಲ್ಲ ಯಾರ ಹೆಸರಿನಲ್ಲಿ ಎದೆ ಉಬ್ಬಿಸಿದ್ದರೋ ಅವನೇ ಕಳ್ಳ, ಯಾರನ್ನು ಬೈದಿದ್ದರೋ ಅವನಿಂದಲೇ ತಾವು. ನನಗೆ ಅವರನ್ನು ನೋಡಿ ಪಾಪ ಎನ್ನಿಸಿತು. ಸಿಟ್ಟು ಮಾಡುತ್ತಾರೋ, ಎದ್ದು ಹೊರಗೆ ಹೋಗಿಬಿಡುತ್ತಾರೋ ಎಂದು ಹೆದರಿದೆ. ಅವರು ಎದ್ದರು. ತಮ್ಮ ಮಣೆಯನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ತಂಬಿಗೆಯಲ್ಲಿ ನೀರು ತಂದು ಪಿಂಕಿಯ ಮುಂದೆ ನಿಂತರು.

"ಕೈ ತೊಳಕೋ ಬೇಟಾ" ಎಂದು ತಾವೇ ನೀರು ಹಾಕಿದರು. ಆಮೇಲೆ ಕೃಪಾಳ ಕಡೆ ತಿರುಗಿ, "ಆಕೀಗಿ ಹೇಳವ್ವಾ. ಆಕಿ ಹಿರೇಮನಿಯಾಕಿ. ಆಕಿ ಕೂತ ಮ್ಯಾಲೆ ನಾವು ಕೂಡಬೇಕು" ಎಂದರು.

ಪಿಂಕಿ ಸಂಕೋಚದಿಂದ ಆ ಮಣೆಯ ಮೇಲೆ ಕೂತಳು. ನನ್ನ ಗಂಡನಿಗಿಂತ ಮೊದಲು ಆ ಮನೆಯಲ್ಲಿ ಊಟಕ್ಕೆ ಕೂತವಳು ಅವಳೊಬ್ಬಳೇ. ನನಗೆ ಬಹಳ ಸಂತೋಷವಾಯಿತು, ಅದಕ್ಕೆ ಕಾರಣ ಒಂದೇ ಅಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅತ್ತೆ ಅವಳ ಎದುರಿಗೆ ಕೂತು, ಅಷ್ಟು ವರ್ಷ ಹೊತ್ತುಕೊಂಡಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದರು. ಅವನು ಅಲ್ಲಿ ಹೊಟ್ಟೆ ತುಂಬ ಉಂಡನೇ?

ಪಿಂಕಿ ಕಣ್ಣೊರೆಸಿಕೊಂಡು ನಕ್ಕಳು. ಶಿಕ್ಷೆಯ ಮೊದಲ ವರ್ಷಗಳು ಕಷ್ಟದವೇ ಇರಬೇಕು, ಅವನು ಎಂದೂ ಹೇಳಲಿಲ್ಲ. ಆಮೇಲೆ ಬಿಡುಗಡೆಯ ಚೀಟಿ ಸಿಕ್ಕಿ, ಕಾಡು ಕಡಿದು ಗದ್ದೆ ಮಾಡಿದ, ಆಕಳು ಕಟ್ಟಿದ. ಅವನ ಹಾಗೆಯೇ ಶಿಕ್ಷೆಯಾಗಿ ಬಂದಿದ್ದ ಒಬ್ಬ ಹೆಂಗಸನ್ನು ಮದುವೆಯಾದ, ಬಲು ಜೋರಿನ ಹೆಂಗಸಂತೆ. ಮನೆಯ ಹಿಂದೆ ಮೆಣಸಿನ ಗಿಡ ಹಾಕಿದ್ದ, ಸಾರಿಗೆ ಖಾರ ಕಡಿಮೆಯಾದರೆ ತಾಟು ದೂಡುತ್ತಿದ್ದ. ಮುಪ್ಪಿನಲ್ಲಿ ಎಷ್ಟು ದಪ್ಪವಾಗಿದ್ದನೆಂದರೆ ಅವನ ಹೊರಸಿನ ಹಗ್ಗ ಮತ್ತೆ ಮತ್ತೆ ಬಿಗಿಯಬೇಕಾಗುತ್ತಿತ್ತು. ಮೊಮ್ಮಕ್ಕಳ ನಡುವೆ ಮಲಗಿದ್ದಾಗಲೇ ಸತ್ತ.

"ದಪ್ಪ ಆಗಿದ್ದನೇನು" ಎಂದರು ಅತ್ತೆ. ಮತ್ತೆ ಮತ್ತೆ ಅದನ್ನೇ ಹೇಳಿದರು. "ದಪ್ಪ ಆಗಿದ್ದನಂತ, ಶಿವದೇವಿ. ಕೇಳಿದಿಲ್ಲ? ಖಾರ ಬೇಡ್ತಿದ್ದನಂತ."

"ಕೇಳಿದೆ ಅತ್ತಿ" ಎಂದೆ. ನನ್ನ ಕಣ್ಣಲ್ಲೂ ನೀರು. ಕಳ್ಳ ಕಳ್ಳ ಎಂದು ನಾನು ಅಂದುಕೊಂಡೇ ಇಟ್ಟ ಅಷ್ಟೂ ರೊಟ್ಟಿಗಳು ನೆನಪಾದವು. ನನ್ನ ಗಂಡ, ನನ್ನ ಮಕ್ಕಳು, ಈ ಒಲೆ, ಈ ಸಿಡುಕು, ಎಲ್ಲವೂ ಆ ಮನುಷ್ಯ ಎದ್ದು ನಿಂತು ‘ನಾನೇ’ ಎಂದದ್ದರಿಂದ ಉಳಿದದ್ದು. ದೇವರೇ, ಎಂಥ ದೊಡ್ಡವನಪ್ಪಾ ಅವನು ಎಂದು ಮನಸ್ಸಿನಲ್ಲೇ ಕೈಮುಗಿದೆ.

ಅತ್ತೆ ಗೂಡಿನಿಂದ ಅಣ್ಣನ ಪಾಲನ್ನು ಇಳಿಸಿದರು. ಮನೆಯವರ ತಾಟಿನಿಂದ ಇನ್ನೊಂದರ್ಧ ಎತ್ತಿಕೊಂಡರು. ಎರಡನ್ನೂ ಒಂದೇ ತಾಟಿನಲ್ಲಿಟ್ಟು ಹತ್ತಿರ ಸರಿಸಿದರು. ಗೂಡಿನದು ಒಲೆಯ ಕಾವಿಗೆ ಒಣಗಿತ್ತು, ತಾಟಿನದು ಇನ್ನೂ ಮೆತ್ತಗಿತ್ತು, ಆದರೂ ಅಂಚಿಗೆ ಅಂಚು ಸರಿಯಾಗಿ ಕೂಡಿತು.

ಖಾರದ ಅರ್ಧವನ್ನು ಪಿಂಕಿ ತಿಂದಳು, ಸೂಗಪ್ಪನ ವಂಶದವಳೆಂದು ತೋರಿಸುವವಳಂತೆ ಕಣ್ಣುಮೂಗಲ್ಲಿ ನೀರು ಬಂದರೂ ಬಿಡಲಿಲ್ಲ. ಆಮೇಲೆ ಬೆಲ್ಲ ಕೇಳಿದಳು. ನಾನು ಡಬ್ಬಿ ಕೊಟ್ಟೆ. ಇನ್ನೊಂದರ್ಧಕ್ಕೆ ಬೆಲ್ಲ ಹಚ್ಚಿ, ಒಂದು ಚೂರು ಮುರಿದು ನಮ್ಮ ಮನೆಯವರ ಬಾಯಿಗಿಟ್ಟಳು. ದೊಡ್ಡ ಮೀಸೆಯ ಸೂಪರ್‌ವೈಸರು ಕೂಸಿನ ಹಾಗೆ ಬಾಯಿ ತೆರೆದು ತಿಂದರು. ಇನ್ನೊಂದು ಚೂರು ಅತ್ತೆಗೆ. ಹಲ್ಲಿಲ್ಲದ ಅತ್ತೆ ಅದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಕರಗಿಸಿದರು.

ಮರುದಿನ ಸೋಮವಾರ. ಹಂಚಿನಿಂದ ಮೊದಲ ರೊಟ್ಟಿ ಇಳಿಸಿ, ರೂಢಿಯಂತೆ ಅಂಚಿಗೆ ಒತ್ತಲು ಹೋದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಮುಂಗೈ ಹಿಡಿದರು.

"ಮುರೀಬ್ಯಾಡ" ಎಂದರು. "ಅಂವ ಬಂದಾನಲ್ಲ."

ಇಡೀ ರೊಟ್ಟಿಯನ್ನೇ ಡಬ್ಬಿಗೆ ಹಾಕಿದೆ. ಒಂದು ಕಡೆ ಕೆಂಪು ಖಾರ, ಒಂದು ಕಡೆ ಬೆಲ್ಲ. ಎರಡು ಬಸ್ಸು ಬದಲಿಸಿ ಅದನ್ನು ಮಾದಾಪುರದ ಗಾಜಿನ ಕಟ್ಟಡದಲ್ಲಿ ಪಿಂಕಿಯ ಕೈಗೆ ಮುಟ್ಟಿಸಿ ಬಂದವರು ನಮ್ಮ ಮನೆಯವರೇ, ಆ ದಿನ ಕಾರ್ಖಾನೆಗೆ ಎಂದೂ ಇಲ್ಲದ ಹಾಗೆ ತಡವಾಗಿ ಹೋದರು. ನನ್ನ ಹಿಂದೆ ನೀನು ಇಡುತ್ತೀಯಾ ಎಂದು ಅತ್ತೆ ಮತ್ತೆ ನನ್ನನ್ನು ಕೇಳಲಿಲ್ಲ.